ಕಾರು ರೈಲು ಹತ್ತಿದೆ, ಟ್ರೈಲರ್ ಹೆದ್ದಾರಿ ಬಿಟ್ಟಿಲ್ಲ: ಏಕೆ?

ಚಿತ್ರದುರ್ಗದ ಬೈಪಾಸ್‌ನಲ್ಲಿ ಸಂಜೆ ಹೊತ್ತು ನಿಂತು ನೋಡಿದರೆ ಸಾಕು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಹೊತ್ತ ಟ್ರೈಲರ್‌ಗಳು ಕೆಲವು ಪುಣೆ ಕಡೆಗೆ, ಕೆಲವು ಬೆಂಗಳೂರಿನ ಕಡೆಗೆ ಸಾಗುತ್ತಿರುತ್ತವೆ. ಟ್ರೈಲರ್‌ನ ನಂಬರ್ ಹರಿಯಾಣದ್ದೋ ರಾಜಸ್ಥಾನದ್ದೋ ನಾಗಾಲ್ಯಾಂಡಿನದೋ ಆಗಿರುತ್ತದೆ. ಮೇಲಿರುವ ಕಾರುಗಳಿಗೆ ಇನ್ನೂ ನಂಬರೇ ಬಿದ್ದಿಲ್ಲ. ಬಾನೆಟ್ಟಿನ ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ, ಚಕ್ರಗಳಿಗೆ ಬಿಗಿದ ಬೆಲ್ಟು. ಹಿರಿಯೂರಿನಿಂದ ದಾವಣಗೆರೆವರೆಗಿನ ಢಾಬಾಗಳ ಮುಂದೆ ಇಂಥವು ಸಾಲುಗಟ್ಟಿ ನಿಲ್ಲುವುದು ಈ ಭಾಗದ ಜನರಿಗೆ ಹೊಸ ನೋಟವೇನಲ್ಲ.

ಆದರೆ ಸುದ್ದಿಯಲ್ಲಿ ಬರುತ್ತಿರುವುದು ಬೇರೆಯೇ ಚಿತ್ರ. 2024ರ ಮಾರ್ಚ್‌ನಲ್ಲಿ ಗುಜರಾತಿನ ಹಂಸಲ್‌ಪುರದ ಕಾರು ಕಾರ್ಖಾನೆಯ ಆವರಣದೊಳಗೇ ರೈಲು ಸೈಡಿಂಗ್, ಅಂದರೆ ಸರಕು ತುಂಬಲೆಂದೇ ಮುಖ್ಯ ಮಾರ್ಗದಿಂದ ಕವಲೊಡೆದ ಹಳಿ, ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ವರ್ಷಕ್ಕೆ 3 ಲಕ್ಷ ಕಾರು. 2025ರ ಜೂನ್‌ನಲ್ಲಿ ಹರಿಯಾಣದ ಮಾನೇಸರ್ ಕಾರ್ಖಾನೆಯೊಳಗೆ 4.5 ಲಕ್ಷ ಸಾಮರ್ಥ್ಯದ ಮತ್ತೊಂದು ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾರು ತುಂಬಿದ ರೈಲು ಕಾಶ್ಮೀರದ ಅನಂತನಾಗ್ ಮುಟ್ಟಿತು. 2013-14ರಲ್ಲಿ ದೇಶದ ಕಾರುಗಳಲ್ಲಿ ಶೇ 2ರಷ್ಟೂ ರೈಲು ಹತ್ತುತ್ತಿರಲಿಲ್ಲ, 2024-25ರ ಹೊತ್ತಿಗೆ ಆ ಪಾಲು ಶೇ 24 ದಾಟಿದೆ ಎಂದು ರೈಲ್ವೆ ಇಲಾಖೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದೆ.

ನಾಲ್ಕರಲ್ಲಿ ಒಂದು ಕಾರು ರೈಲು ಹತ್ತಿದ್ದರೆ ಹೆದ್ದಾರಿಯಲ್ಲಿ ಟ್ರೈಲರ್‌ಗಳು ಕಡಿಮೆಯಾಗಬೇಕಿತ್ತಲ್ಲ? ಅಂಕಿ ಸುಳ್ಳೋ ಕಣ್ಣು ಸುಳ್ಳೋ? ಎರಡೂ ಸುಳ್ಳಲ್ಲ. ಇದರ ಬೆನ್ನಿಗೇ ಮಧ್ಯ ಕರ್ನಾಟಕದವರು ಬಹುಕಾಲದಿಂದ ಕೇಳುತ್ತಿರುವ ಇನ್ನೊಂದು ಪ್ರಶ್ನೆಯೂ ಇದೆ: ಮುಂಬೈ–ಬೆಂಗಳೂರು ಹೆದ್ದಾರಿಯೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗವೂ ಊರನ್ನು ಮುಟ್ಟಿಕೊಂಡೇ ಹಾದುಹೋಗುವಾಗ, ಈ ವಹಿವಾಟಿನಲ್ಲಿ ದಾವಣಗೆರೆಗೆ ಏಕೆ ಪಾಲಿಲ್ಲ?

ಪಾಲು ಇಳಿಯಿತು, ಸಂಖ್ಯೆ ಏರಿತು

ಮೊದಲು ಲೆಕ್ಕ. 2013-14ರಲ್ಲಿ ದೇಶದಲ್ಲಿ ತಯಾರಾದ ಪ್ರಯಾಣಿಕ ವಾಹನಗಳು ಸುಮಾರು 31 ಲಕ್ಷ. ಅದರಲ್ಲಿ ರೈಲಿನ ಪಾಲು ಚಿಟಿಕೆಯಷ್ಟು. 30 ಲಕ್ಷಕ್ಕೂ ಹೆಚ್ಚು ರಸ್ತೆಯಲ್ಲೇ ಹೋದವು. 2024-25ರಲ್ಲಿ ತಯಾರಿಕೆ 50 ಲಕ್ಷ ದಾಟಿತು. ರೈಲು ಹತ್ತಿದ್ದು ಸುಮಾರು 12.5 ಲಕ್ಷ. ಉಳಿದ 38 ಲಕ್ಷದ ಭಾರ ರಸ್ತೆಯ ಮೇಲೇ ಬಿತ್ತು. ಅಂದರೆ ಲಾರಿಗಳ ಪಾಲು ಶೇ 98ರಿಂದ ಶೇ 76ಕ್ಕೆ ಕುಸಿದರೂ ಅವು ಹೊರುವ ಕಾರುಗಳ ಸಂಖ್ಯೆ ಏಳೆಂಟು ಲಕ್ಷ ಹೆಚ್ಚಿತು. ಶೇಕಡಾವಾರು ಹೇಳುವವರು ಒಟ್ಟು ಮೊತ್ತ ಹೇಳದಿದ್ದರೆ ಇಂಥ ಗೊಂದಲ ಹುಟ್ಟುವುದು ಸಹಜ.

ಇದರ ಮೇಲೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಮಿತಿ ಮೀರಿ ಉದ್ದ ಮಾಡಿಸಿಕೊಂಡ ಕಾರು ಟ್ರೈಲರ್‌ಗಳು ಒಂದು ಕಾಲದಲ್ಲಿ ರಾಜಾರೋಷವಾಗಿ ಓಡುತ್ತಿದ್ದವು. ಈಗ ಉದ್ದ 18.75 ಮೀಟರ್ ಮೀರುವಂತಿಲ್ಲ ಎಂಬ ನಿಯಮ ಬಿಗಿಯಾಗಿದೆ. ತಿರುವಿನಲ್ಲಿ ಹಿಂಬದಿ ಬೀಸಿ ಪಕ್ಕದ ವಾಹನಕ್ಕೆ ಬಡಿಯುವ ಅಪಾಯ ತಪ್ಪಿಸುವ ಈ ನಿಯಮ ಸರಿಯಾದದ್ದೇ. ಆದರೆ ಅದರ ಫಲವಾಗಿ ಒಂದು ಟ್ರೈಲರ್‌ಗೆ ಹಿಡಿಸುವ ಕಾರುಗಳು ಸುಮಾರು ಎಂಟಕ್ಕೆ ಇಳಿದವು. ಅಷ್ಟೇ ಕಾರು ಸಾಗಿಸಲು ಈಗ ಹೆಚ್ಚು ಟ್ರಿಪ್ ಬೇಕು.

ಮೂರನೆಯದು ಬಹಳ ಜನರ ಗಮನಕ್ಕೆ ಬಾರದ್ದು. ರೈಲು ಹತ್ತಿದ ಕಾರು ಲಾರಿಯನ್ನು ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. ಕಾರ್ಖಾನೆಯೊಳಗೆ ಸೈಡಿಂಗ್ ಇಲ್ಲದಿದ್ದರೆ ರೈಲಿನವರೆಗೆ ಲಾರಿ, ರೈಲಿನಿಂದ ಇಳಿದ ಮೇಲೆ ಶೋರೂಮಿನವರೆಗೆ ಮತ್ತೆ ಲಾರಿ. ಸರ್ಕಾರದ ಲೆಕ್ಕದಲ್ಲಿ ಅದು ‘ರೈಲಿನ ಕಾರು’. ರಸ್ತೆಯಲ್ಲಿ ನಿಂತವನ ಕಣ್ಣಿಗೆ ಅದು ಇನ್ನೊಂದು ಟ್ರೈಲರ್.

ಕಾರ್ಖಾನೆಗೆ ಎರಡು ಬಾಗಿಲು

ಕಾರು ಜೋಡಿಸುವ ಕಾರ್ಖಾನೆಗೆ ಬಿಡಿಭಾಗ ಒಳಬರುವ ಬಾಗಿಲೊಂದು, ಸಿದ್ಧ ಕಾರು ಹೊರಹೋಗುವ ಬಾಗಿಲೊಂದು. ಈ ಎರಡು ಬಾಗಿಲುಗಳ ಸ್ವಭಾವವೇ ಬೇರೆ. ರೈಲು ಮತ್ತು ಲಾರಿಯ ಪೈಪೋಟಿಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅರ್ಧಕ್ಕರ್ಧ ಎಡವುವುದು ಎರಡನ್ನೂ ಒಂದೇ ಎಂದುಕೊಂಡಾಗ.

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್ ನೆನೆಸಿಕೊಳ್ಳಿ. ಸೌದೆಯನ್ನು ಒಮ್ಮೆಗೇ ಒಂದು ಲೋಡ್ ತರಿಸಿ ಹಿತ್ತಲಲ್ಲಿ ಒಟ್ಟಿಕೊಳ್ಳಬಹುದು. ನಾಲ್ಕು ದಿನ ಮುಂಚೆ ಬಂದರೂ ಕೆಡುವುದಿಲ್ಲ, ಎರಡು ದಿನ ತಡವಾದರೂ ಒಲೆ ಆರುವುದಿಲ್ಲ. ಹಿಟ್ಟು ಹಾಗಲ್ಲ, ಅವತ್ತಿನದು ಅವತ್ತೇ ಬೇಕು. ಇನ್ನು ಚಟ್ನಿ, ಪಲ್ಯಗಳು ದೋಸೆ ಹಂಚಿನಿಂದ ಏಳುವ ಹೊತ್ತಿಗೆ ಸರಿಯಾಗಿ ತಟ್ಟೆಯ ಪಕ್ಕದಲ್ಲಿರಬೇಕು. ಚಟ್ನಿ ತಡವಾದರೆ ಹಂಚು ಕಾದು ಕೂರುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ.

ಕಾರ್ಖಾನೆಯ ಸೌದೆ ಎಂದರೆ ಉಕ್ಕಿನ ಸುರುಳಿ. ತೋರಣಗಲ್ಲಿನಂಥ ಉಕ್ಕು ಸ್ಥಾವರದಲ್ಲಿ ತಯಾರಾಗುವ ತೆಳು ಹಾಳೆಯನ್ನು ಸುತ್ತಿದ ಈ ಸುರುಳಿ ಒಂದೊಂದೂ ಹದಿನೈದು, ಇಪ್ಪತ್ತು ಟನ್ ತೂಗುತ್ತದೆ. ಬಳ್ಳಾರಿಯಿಂದ ಹಿರಿಯೂರಿನ ಕಡೆ ಬರುವ ರಸ್ತೆಯಲ್ಲಿ, ನಡುವೆ ಒಂದೇ ಒಂದು ಸುರುಳಿ ಇಟ್ಟು ಸರಪಳಿ ಬಿಗಿದ ಲಾರಿ ಖಾಲಿ ಹೊರಟಂತೆ ಕಾಣುವುದು ಇದೇ ಕಾರಣಕ್ಕೆ. ಅದರ ತೂಕ ಅಷ್ಟಕ್ಕೇ ಮುಗಿದಿರುತ್ತದೆ. ಭಾರದ, ಒಂದೇ ಬಗೆಯ, ವಾರಗಟ್ಟಲೆ ದಾಸ್ತಾನಿಡಬಹುದಾದ ಇಂಥ ಸರಕಿಗೆ ರೈಲು ಹೇಳಿ ಮಾಡಿಸಿದ್ದು.

ಸೀಟು, ಬಂಪರ್, ಡ್ಯಾಶ್‌ಬೋರ್ಡ್, ವೈರಿಂಗ್‌ಗಳದು ಚಟ್ನಿಯ ಲೆಕ್ಕ. ವರ್ಷಕ್ಕೆ 3 ಲಕ್ಷ ಕಾರು ತಯಾರಿಸುವ ಕಾರ್ಖಾನೆಯೊಂದು 300 ದಿನ ಎರಡು ಪಾಳಿಯಲ್ಲಿ ನಡೆಯುತ್ತದೆ ಎಂದುಕೊಳ್ಳೋಣ. ದಿನಕ್ಕೆ ಸಾವಿರ ಕಾರು, ಹೆಚ್ಚುಕಡಿಮೆ ನಿಮಿಷಕ್ಕೊಂದು. ಪ್ರತಿ ಕಾರಿಗೂ ಒಂದು ಸೆಟ್ ಸೀಟು ಬೇಕು. ಅದೂ ಯಾವುದೋ ಒಂದಲ್ಲ. ಮೊದಲನೆಯ ಕಾರಿಗೆ ಕಪ್ಪು ಬಟ್ಟೆಯದು, ಅದರ ಹಿಂದಿನದಕ್ಕೆ ಕಂದು ಚರ್ಮದ್ದು, ಮೂರನೆಯದಕ್ಕೆ ಮತ್ತೆ ಕಪ್ಪು. ಲಾರಿಯಲ್ಲಿ ಅದೇ ಸರದಿಯಲ್ಲಿ ಜೋಡಿಸಿಕೊಂಡೇ ಬರಬೇಕು. ಒಂದು ಲಾರಿಗೆ 50 ಸೆಟ್ ಹಿಡಿಸಿದರೆ 50 ನಿಮಿಷಕ್ಕೊಂದು ಲಾರಿ ಗೇಟಿನಲ್ಲಿರಬೇಕು. ಸೀಟಿನ ಒಂದು ತಿಂಗಳ ದಾಸ್ತಾನು ಇಡಲು ಹೊರಟರೆ ಕಾರ್ಖಾನೆಗಿಂತ ದೊಡ್ಡ ಗೋದಾಮು ಕಟ್ಟಬೇಕಾದೀತು.

ಜಪಾನಿನ ಟೊಯೊಟಾ ಕಂಪನಿ ರೂಢಿಗೆ ತಂದು ಜಗತ್ತೇ ಅನುಸರಿಸಿದ ‘ಬೇಕಾದಾಗ, ಬೇಕಾದಷ್ಟೇ’ ಪದ್ಧತಿ ಇದು. ಗಂಟೆಗೊಮ್ಮೆ, ಸ್ವಲ್ಪ ಸ್ವಲ್ಪವೇ, ಸರದಿ ತಪ್ಪದೆ ಸರಕು ತರುವ ಕೆಲಸಕ್ಕೆ ರೈಲು ಒಗ್ಗುವುದಿಲ್ಲ. ನಮ್ಮ ಗೂಡ್ಸ್ ರೈಲುಗಳು ನಿಲುಗಡೆಗಳೆಲ್ಲ ಸೇರಿ ಸರಾಸರಿ ಗಂಟೆಗೆ 25 ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತವೆ. ಪ್ರಯಾಣಿಕರ ರೈಲು ಬಂದರೆ ಪಕ್ಕದ ಲೂಪ್ ಲೈನಿನಲ್ಲಿ ಕಾಯುತ್ತವೆ. ಇಂಥ ರೈಲನ್ನು ನಂಬಿ ನಿಮಿಷಕ್ಕೊಂದು ಕಾರು ಜೋಡಿಸಲಾಗದು. ಅದಕ್ಕೇ ಕಾರು ಕಾರ್ಖಾನೆ ಹೋದಲ್ಲೆಲ್ಲ ಅದರ ಸುತ್ತ ಬಿಡಿಭಾಗದ ಘಟಕಗಳೂ ಬಂದು ನೆಲೆಸುತ್ತವೆ. ಬಿಡದಿಯಲ್ಲಿ ಆದದ್ದೂ ಅದೇ. ಕಾರ್ಖಾನೆಯ ಹತ್ತಿರವಿರುವವರು ಗಂಟೆಗೊಂದು ಲಾರಿ ಕಳಿಸುತ್ತಾರೆ. ದೂರದ ಸಣ್ಣ ಘಟಕಗಳಿಗಾದರೆ ಹಾಲು ಸಂಗ್ರಹಿಸುವ ಗಾಡಿಯಂತೆ ಒಂದೇ ಲಾರಿ ಐದಾರು ಕಡೆ ನಿಂತು, ಪ್ರತಿ ಬಾಗಿಲಲ್ಲೂ ಸ್ವಲ್ಪ ಸ್ವಲ್ಪ ತುಂಬಿಕೊಂಡು ಬರುತ್ತದೆ.

ಚಕ್ರದ ಮೇಲಿನ ಗೋದಾಮು

ಹೀಗಾಗಿ ಹೆದ್ದಾರಿ 48 ಕೇವಲ ರಸ್ತೆಯಾಗಿ ಉಳಿದಿಲ್ಲ. ಪುಣೆ ಸುತ್ತಲಿನ ಬಿಡಿಭಾಗ ತಯಾರಕರಿಗೂ ಬಿಡದಿ, ಹೊಸೂರು, ಚೆನ್ನೈ ಕಡೆಯ ವಾಹನ ಕಾರ್ಖಾನೆಗಳಿಗೂ ನಡುವಿನ ನೇರ ದಾರಿ ಇದೇ. ಮೊದಲು ಕಾರ್ಖಾನೆಯ ಗೋದಾಮಿನಲ್ಲಿ ಕೂರುತ್ತಿದ್ದ ದಾಸ್ತಾನು ಈಗ ದಾವಣಗೆರೆ, ಚಿತ್ರದುರ್ಗಗಳ ನಡುವೆ ಲಾರಿಯ ಮೇಲಿದೆ. ಮುಚ್ಚಿದ ಕಂಟೇನರ್ ಆದ್ದರಿಂದ ಒಳಗೇನಿದೆ ಎಂದು ನಮಗೆ ಕಾಣುವುದಿಲ್ಲ ಅಷ್ಟೆ. ಕಾರು ಹೊತ್ತ ಟ್ರೈಲರ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಕಾರಿನ ಭಾಗ ಹೊತ್ತ ಲಾರಿ ಬೀಳುವುದಿಲ್ಲ.

ಈ ಏರ್ಪಾಡು ಎಷ್ಟು ಅಗ್ಗವೋ ಅಷ್ಟೇ ನಾಜೂಕು. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರದ ಬಳಿ ಇದೇ ಹೆದ್ದಾರಿ ದಿನಗಟ್ಟಲೆ ಮುಚ್ಚಿಹೋಗಿತ್ತು. ಲಾರಿಗಳು ಬೆಳಗಾವಿ, ನಿಪ್ಪಾಣಿ ಕಡೆ ಸಾಲುಗಟ್ಟಿ ನಿಂತವು. 2021ರ ಜುಲೈನಲ್ಲಿ ಮತ್ತೆ ಅದೇ ಪಾಡು. ಹೊರದೇಶಗಳ ಉದಾಹರಣೆ ಇನ್ನೂ ಸ್ಪಷ್ಟ. 1997ರ ಫೆಬ್ರವರಿಯಲ್ಲಿ ಜಪಾನಿನ ಕರಿಯಾದಲ್ಲಿ ಬ್ರೇಕ್‌ನ ಒಂದು ಸಣ್ಣ ವಾಲ್ವ್ ತಯಾರಿಸುತ್ತಿದ್ದ ಘಟಕಕ್ಕೆ ಬೆಂಕಿ ಬಿದ್ದಾಗ, ಆ ದೇಶದಲ್ಲಿದ್ದ ಟೊಯೊಟಾ ಕಾರ್ಖಾನೆಗಳು ಬಹುತೇಕ ಎಲ್ಲವೂ ಕೆಲವು ದಿನ ನಿಂತವು. 2022ರ ಫೆಬ್ರವರಿಯಲ್ಲಿ ಪ್ರತಿಭಟನಕಾರರು ಅಮೆರಿಕ ಮತ್ತು ಕೆನಡಾ ನಡುವಿನ ಅಂಬಾಸಡರ್ ಸೇತುವೆಯನ್ನು ಒಂದು ವಾರದ ಮಟ್ಟಿಗೆ ತಡೆದಾಗ ಎರಡೂ ದಡದ ಕಾರು ಕಾರ್ಖಾನೆಗಳು ಪಾಳಿ ಕಡಿತ ಮಾಡಿದವು. ಸೇತುವೆ ಒಂದೇ, ಅದರ ಮೇಲೆ ಬಿಡಿಭಾಗ ಹೊತ್ತು ಹೋಗುತ್ತಿದ್ದದ್ದು ಲಾರಿಗಳು.

‘ಹಾಗಾದರೆ ಬಿಡಿಭಾಗವನ್ನೂ ರೈಲಿಗೆ ಹಾಕಿ’ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಕಾರ್ಖಾನೆ ನಿಮಿಷದ ಲೆಕ್ಕ ಕೇಳಿದರೆ ರೈಲು ದಿನದ ಲೆಕ್ಕ ಕೊಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಸರಕಿಗೆಂದೇ ಮೀಸಲಾದ ರೈಲು ಕಾರಿಡಾರ್ ಇದ್ದು, ಗೂಡ್ಸ್ ರೈಲು ಹೇಳಿದ ಹೊತ್ತಿಗೆ ಬರುವಂತಾದರೆ ಎಂಜಿನ್, ಗೇರ್‌ಬಾಕ್ಸ್‌ನಂಥ ಗಟ್ಟಿ ಸರಕನ್ನಾದರೂ ಅದಕ್ಕೆ ಒಪ್ಪಿಸಬಹುದು. ದೇಶದ ಪೂರ್ವ ಮತ್ತು ಪಶ್ಚಿಮದ ಆ ಕಾರಿಡಾರ್‌ಗಳಲ್ಲಿ ಕರ್ನಾಟಕದ ಒಂದು ಊರೂ ಇಲ್ಲ.

ಹೊರಬಾಗಿಲಲ್ಲಿ ರೈಲು ಗೆಲ್ಲುವುದೇಕೆ

ಹೊರಬಾಗಿಲಿಗೆ ಬಂದರೆ ಲೆಕ್ಕ ತಿರುಗುತ್ತದೆ. ಅದೇ ಸಾವಿರ ಕಾರಿನ ಕಾರ್ಖಾನೆಗೆ ದಿನಕ್ಕೆ 125 ಟ್ರೈಲರ್ ಬೇಕು. ಅವು ಬಂದು, ಕಾದು, ತುಂಬಿಕೊಂಡು ಹೊರಡಲು ಜಾಗವೇ ಒಂದು ಊರಿನಷ್ಟಾಗುತ್ತದೆ. ರೈಲಾದರೆ 260ರಿಂದ 300ರ ಆಸುಪಾಸು ಕಾರು ಹಿಡಿಸುವ ನಾಲ್ಕು ರೇಕ್ ಸಾಕು. ರೇಕ್ ಎಂದರೆ ಒಂದು ರೈಲಿಗಾಗುವಷ್ಟು ವ್ಯಾಗನ್‌ಗಳ ಸರಣಿ. ರೈಲ್ವೆ ಸರಕಿನ ಮಾತುಕತೆಯೆಲ್ಲ ನಡೆಯುವುದು ಈ ಲೆಕ್ಕದಲ್ಲೇ.

ಕಾರು ತುಂಬುವ ಬಗೆ ನೋಡುವಂಥದ್ದು. ರೇಕಿನ ಒಂದು ತುದಿಗೆ ಇಳಿಜಾರು ಕಟ್ಟೆ ಜೋಡಿಸುತ್ತಾರೆ. ವ್ಯಾಗನ್‌ಗಳ ಕೊನೆಯ ಬಾಗಿಲು ತೆರೆದು ನಡುವೆ ತಗಡಿನ ಹಲಗೆ ಹಾಸಿದರೆ ಇಡೀ ರೈಲು ಒಂದೇ ಸುರಂಗವಾಗುತ್ತದೆ. ಚಾಲಕರು ಪಕ್ಕದ ಕನ್ನಡಿ ಮಡಚಿಕೊಂಡು, ಒಂದರ ಹಿಂದೊಂದು ಕಾರನ್ನು ಅದರೊಳಗೆ ಓಡಿಸಿಕೊಂಡು ಹೋಗಿ, ಮುಂದಿನ ಕಾರಿನ ಹಿಂದೆ ಗೇಣು ಜಾಗ ಬಿಟ್ಟು ನಿಲ್ಲಿಸುತ್ತಾರೆ. ಚಕ್ರಕ್ಕೆ ಅಡ್ಡ ಕೊಟ್ಟು, ಬೆಲ್ಟ್ ಬಿಗಿದು ಹೊರಬರುತ್ತಾರೆ. ಇಳಿಸುವಾಗಲೂ ಅಷ್ಟೇ, ಕಾರು ತನ್ನ ಚಕ್ರದ ಮೇಲೇ ಇಳಿಯುತ್ತದೆ. ಕ್ರೇನ್ ಬೇಡ, ಹಮಾಲಿ ಬೇಡ.

ಹತ್ತು ವರ್ಷದ ಹಿಂದೆ ಇದು ಏಕೆ ಆಗಲಿಲ್ಲ? ಕಾರಣ ವ್ಯಾಗನ್. ಮೊದಲು ಇದ್ದದ್ದು ವಯಸ್ಸಾದ ಪ್ರಯಾಣಿಕರ ಬೋಗಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ ಮಾಡಿದ ವ್ಯಾಗನ್‌ಗಳು. ಒಂದರಲ್ಲಿ ಐದಾರು ಕಾರು ಹಿಡಿಸಿದರೆ ಹೆಚ್ಚು. ಎರಡು ಅಂತಸ್ತಿನ ಹೊಸ ವ್ಯಾಗನ್ ಬಂದ ಮೇಲೆ ಬಾಡಿಗೆ ಲಾಭಕ್ಕೆ ಹೊಂದಿತು. ಖಾಸಗಿಯವರು ತಮ್ಮದೇ ರೇಕ್ ಖರೀದಿಸಿ ರೈಲ್ವೆ ಹಳಿಯ ಮೇಲೆ ಓಡಿಸಲು 2010ರ ನೀತಿ ದಾರಿ ಮಾಡಿತು. 2013ರಲ್ಲಿ ಮಾರುತಿ ಸುಜುಕಿ ಆ ಪರವಾನಗಿ ಪಡೆಯಿತು. 2024-25ರಲ್ಲಿ ಆ ಒಂದೇ ಕಂಪನಿ 5 ಲಕ್ಷಕ್ಕೂ ಹೆಚ್ಚು ವಾಹನ ರೈಲಿನಲ್ಲಿ ಕಳಿಸಿತು. ನಡುವೆ ಗಿರಾಕಿಯ ಅಭಿರುಚಿ ಬದಲಾಗಿ ಎಸ್‌ಯುವಿ ಹೆಚ್ಚಿದ್ದು ತಲೆನೋವಾಯಿತು. ಸಣ್ಣ ಕಾರಿಗೆಂದು ಅಳತೆ ಮಾಡಿದ ಎರಡು ಅಂತಸ್ತಿಗೆ ಎತ್ತರದ ವಾಹನ ಹಿಡಿಸಲಿಲ್ಲ. ಅಂತಸ್ತಿನ ಎತ್ತರ ಹೊಂದಿಸಿಕೊಳ್ಳಬಹುದಾದ ವ್ಯಾಗನ್‌ಗಳು ಆಮೇಲೆ ಬಂದವು.

ಆದರೂ ರೈಲಿಗೊಂದು ಗುಪ್ತ ಖರ್ಚಿದೆ, ಕಾಯುವಿಕೆ. ಹತ್ತು ಲಕ್ಷ ರೂಪಾಯಿಯ ಕಾರು ಮಾರಾಟವಾಗದೆ ನಿಂತರೆ, ಬಡ್ಡಿ ಶೇ 10 ಎಂದು ಹಿಡಿದರೂ ದಿನಕ್ಕೆ 274 ರೂಪಾಯಿ ಕರಗುತ್ತದೆ. 300 ಕಾರಿನ ರೇಕ್ ಒಂದು ದಿನ ತಡವಾದರೆ ಸುಮಾರು 82 ಸಾವಿರ. ದಿನಕ್ಕೆ ಸಾವಿರ ಕಾರು ಮಾಡುವವನಿಗೆ ಒಂದೇ ದಿಕ್ಕಿಗೆ ಹೋಗುವ 300 ಕಾರು ಬೇಗ ಕೂಡಿಬರುತ್ತವೆ. ದಿನಕ್ಕೆ ನೂರು ಮಾಡುವವನು, ಅವೂ ಹತ್ತು ರಾಜ್ಯಗಳಿಗೆ ಹಂಚಿಹೋಗುವಂಥವಾದರೆ, ಒಂದು ರೇಕ್ ತುಂಬಲು ತಿಂಗಳು ಕಾಯಬೇಕು. ಅವನಿಗೆ ಎಂಟು ಕಾರಿನ ಟ್ರೈಲರೇ ಲೇಸು. ರೈಲಿನ ಲಾಭ ದೊಡ್ಡವರಿಗೆ ಮೊದಲು ಸಿಗುವುದರ ಹಿಂದೆ ಪಿತೂರಿಯೇನಿಲ್ಲ, ಈ ಸರಳ ಗಣಿತವಿದೆ.

ಊರ ಮುಂದೆಯೇ ಹಾದುಹೋಗುವ ಕಾರು

ಈಗ ದಾವಣಗೆರೆಯ ಶೋರೂಮಿಗೆ ಬರೋಣ. ಇಲ್ಲಿನ ಡೀಲರ್ ಗುಜರಾತಿನಲ್ಲಿ ತಯಾರಾದ ಕಾರನ್ನು ಕೇಳಿದ್ದಾರೆ: ಬಿಳಿ ಎರಡು, ಕೆಂಪು ಒಂದು, ಬೂದು ಎರಡು. ಐದು ಕಾರಿಗೆ ರೈಲು ನಿಲ್ಲುವುದಿಲ್ಲ. ಆ ಐದು, ಬೆಂಗಳೂರು ಸುತ್ತಲಿನ ವಿತರಣಾ ಕೇಂದ್ರಕ್ಕೆ ಹೊರಟ ರೇಕಿನಲ್ಲಿ ನೂರಾರು ಕಾರುಗಳ ನಡುವೆ ಸೇರಿಕೊಳ್ಳುತ್ತವೆ. ಆ ರೇಕ್ ಹುಬ್ಬಳ್ಳಿ ಮಾರ್ಗವಾಗಿ ಬಂದರೆ ದಾವಣಗೆರೆ ನಿಲ್ದಾಣದ ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಸದ್ದು ಮಾಡುತ್ತಾ ಹಾದು ಹೋಗುತ್ತದೆ. ಬೆಂಗಳೂರಿನ ಬಳಿ ಇಳಿದು, ಯಾರ್ಡ್‌ನಲ್ಲಿ ವಿಂಗಡಣೆಯಾಗಿ, ಟ್ರೈಲರ್ ಹತ್ತಿ, ಸುಮಾರು 260 ಕಿಲೋಮೀಟರ್ ಹಿಂದಕ್ಕೆ ಬಂದು ಊರು ಸೇರುತ್ತವೆ. ಚಿತ್ರದುರ್ಗ ಬೈಪಾಸ್‌ನಲ್ಲಿ ಉತ್ತರಕ್ಕೆ ಮುಖ ಮಾಡಿದ ಟ್ರೈಲರ್‌ಗಳಲ್ಲಿ ಒಂದಷ್ಟು ಹೀಗೆ ‘ರೈಲಿನಲ್ಲಿ ಬಂದ’ ಕಾರುಗಳದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿಗೆ ಒಪ್ಪುತ್ತದೆ: ಹಳಿ ಇದೆ, ರೈಲೂ ಇದೆ, ಇಳಿಸುವ ಕಟ್ಟೆ ಮಾತ್ರ ಬೇರೆ ಊರಿನಲ್ಲಿದೆ.

ಚಿತ್ರದುರ್ಗದ ಸ್ಥಿತಿ ಇನ್ನೊಂದು ಬಗೆಯದು. ಹೆದ್ದಾರಿ 48 ಮತ್ತು 50 ಅಲ್ಲಿ ಕೂಡುತ್ತವೆ, ಆದ್ದರಿಂದ ರಸ್ತೆಯ ನಕಾಶೆಯಲ್ಲಿ ಅದು ನಡುಮನೆ. ರೈಲಿನ ನಕಾಶೆಯಲ್ಲಿ ಹಿತ್ತಲು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿ ದಾವಣಗೆರೆಗೆ ಹೋಗುತ್ತದೆ. ಚಿತ್ರದುರ್ಗ ಚಿಕ್ಕಜಾಜೂರಿನಿಂದ ರಾಯದುರ್ಗದ ಕಡೆ ಕವಲೊಡೆಯುವ ಶಾಖೆಯ ಮೇಲಿದೆ. ಈ ಸುತ್ತಿನಿಂದಾಗಿ ಬೆಂಗಳೂರು–ದಾವಣಗೆರೆ ದೂರ ರಸ್ತೆಗಿಂತ ರೈಲಿನಲ್ಲಿ ಸುಮಾರು 65 ಕಿಲೋಮೀಟರ್ ಹೆಚ್ಚು. ಲಾರಿ ಓಟಕ್ಕೆ ಮುಂಚೆಯೇ ಅಷ್ಟು ದೂರ ಮುಂದೆ ನಿಂತಿರುತ್ತದೆ.

ಅಮೆರಿಕದಲ್ಲಿ ಆದದ್ದು

ಈ ಹಗ್ಗಜಗ್ಗಾಟ ಅಮೆರಿಕದಲ್ಲಿ ಅರವತ್ತು ವರ್ಷ ಮುಂಚೆಯೇ ನಡೆದುಹೋಗಿದೆ. 1950ರ ದಶಕದ ಕೊನೆಗೆ ಅಲ್ಲಿ ಹೊಸ ಕಾರು ಸಾಗಣೆ ಬಹುಪಾಲು ಲಾರಿಗಳ ಪಾಲಾಗಿತ್ತು. 1960ರ ಸುಮಾರಿಗೆ ಮೂರು ಅಂತಸ್ತಿನ, ಹದಿನೈದು ಕಾರು ಹಿಡಿಸುವ ವ್ಯಾಗನ್ ಬಂದದ್ದೇ ಕಾರುಗಳು ಹಳಿಗೆ ಮರಳಿದವು. ಈಗ ಅಲ್ಲಿನ ಹೊಸ ವಾಹನಗಳಲ್ಲಿ ಮುಕ್ಕಾಲು ಪಾಲು ಪಯಣದ ಯಾವುದಾದರೊಂದು ಹಂತದಲ್ಲಿ ರೈಲು ಹತ್ತುತ್ತವೆ. ಅಷ್ಟಾದರೂ ಲಾರಿ ಮಾಯವಾಗಲಿಲ್ಲ. ಕೊನೆಯ ಹಂತ ಇಂದಿಗೂ ಅದರದೇ. ಸಾವಿರಾರು ಮೈಲಿ ಓಡುತ್ತಿದ್ದ ಟ್ರೈಲರ್, ಟರ್ಮಿನಲ್ ಸುತ್ತಲಿನ ನೂರಿನ್ನೂರು ಮೈಲಿಗೆ ಬಂದು ನಿಂತಿತು. ನಮ್ಮಲ್ಲೂ ಆಗುವುದು ಬಹುಶಃ ಅದೇ. ಆದರೆ ಬಿಡದಿಯ ಕಾರು ಹುಬ್ಬಳ್ಳಿಗೆ ಹೋಗಲು ರೈಲು ಹತ್ತುವ ದಿನ ಬರಲಾರದು. ನಾನ್ನೂರು ಕಿಲೋಮೀಟರಿಗೆ ಎರಡು ಸಲ ಹತ್ತಿಸಿ ಇಳಿಸುವ ಖರ್ಚು ಗಿಟ್ಟುವುದಿಲ್ಲ.

ಯಾರ ವಾದ ಏನು

ರೈಲ್ವೆಯ ಮತ್ತು ದೊಡ್ಡ ಕಂಪನಿಗಳ ವಾದ ನೇರವಾಗಿದೆ. ಒಂದು ರೇಕ್ ಮೂವತ್ತೈದು ನಲವತ್ತು ಟ್ರೈಲರ್‌ಗಳನ್ನು ರಸ್ತೆಯಿಂದ ತೆಗೆಯುತ್ತದೆ, ಡೀಸೆಲ್ ಉಳಿಯುತ್ತದೆ, ಹೊಗೆ ಇಳಿಯುತ್ತದೆ, ಕಾರಿಗೆ ಗೀರು ಬೀಳುವುದು ಕಡಿಮೆಯಾಗುತ್ತದೆ. ಹಬ್ಬದ ಹೊತ್ತಿನಲ್ಲಿ ಬೇಡಿಕೆ ಒಮ್ಮೆಗೇ ಉಕ್ಕಿದರೆ ಟ್ರೈಲರ್ ಸಿಗದೆ ಪರದಾಡುವುದೂ ತಪ್ಪುತ್ತದೆ.

ಟ್ರೈಲರ್ ಮಾಲೀಕರ ಮಾತಿನಲ್ಲೂ ಹುರುಳಿದೆ. ನಿಯಮಕ್ಕೆ ತಕ್ಕಂತೆ ಹೊಸ ಅಳತೆಯ ಟ್ರೈಲರ್ ಕಟ್ಟಿಸಲು ಸಾಲ ಮಾಡಿದ್ದಾರೆ. ಸಾಲದ ಕಂತು ಲೆಕ್ಕ ಹಾಕಿದ್ದು ಎರಡು ಸಾವಿರ ಕಿಲೋಮೀಟರಿನ ಟ್ರಿಪ್‌ಗಳನ್ನು ನಂಬಿ. ಅದು ಕೈತಪ್ಪಿ, ಟರ್ಮಿನಲ್‌ನಿಂದ ಶೋರೂಮಿಗೆ ಇನ್ನೂರೈವತ್ತು ಕಿಲೋಮೀಟರಿನ ಓಡಾಟ ಉಳಿದರೆ ಬಾಡಿಗೆ ಸಣ್ಣದು, ಬರುವಾಗ ಖಾಲಿ. ದೂರದ ಟ್ರಿಪ್‌ನಲ್ಲಿ ಉತ್ತರದಿಂದ ಒಂದು ಕಂಪನಿಯ ಕಾರು ತಂದು, ಚೆನ್ನೈ ಕಡೆಯಿಂದ ಇನ್ನೊಂದರದು ತುಂಬಿಕೊಂಡು ಮರಳಬಹುದಿತ್ತು. ಅತ್ತ ಮರಳುವ ಸರಕಿನ ಚಿಂತೆ ರೈಲಿಗೂ ತಪ್ಪಿದ್ದಲ್ಲ, ಕಾರಿನ ವ್ಯಾಗನ್‌ನಲ್ಲಿ ಮೆಕ್ಕೆಜೋಳ ತುಂಬಲಾಗದು.

ಚಾಲಕರಿಗೆ ಇದು ಎರಡು ಅಲಗಿನ ಕತ್ತಿ. ಟ್ರಿಪ್ ಚಿಕ್ಕದಾದರೆ ವಾರಕ್ಕೊಮ್ಮೆಯಾದರೂ ಮನೆ ಸೇರಬಹುದು. ಟ್ರಿಪ್ ಲೆಕ್ಕದಲ್ಲೋ ಕಿಲೋಮೀಟರ್ ಲೆಕ್ಕದಲ್ಲೋ ಸಂಬಳ ಪಡೆಯುವವರ ಗಳಿಕೆ ಮಾತ್ರ ಇಳಿಯುತ್ತದೆ. ಇವರೆಲ್ಲರ ಹಿಂದೆ, ಯಾರ ಲೆಕ್ಕಕ್ಕೂ ಸಿಗದವರಿದ್ದಾರೆ: ಶಿರಾದಿಂದ ಹರಿಹರದವರೆಗೆ ರಸ್ತೆ ಬದಿಯ ಢಾಬಾ, ಪಂಕ್ಚರ್ ಅಂಗಡಿ, ಗ್ರೀಸ್ ಹಚ್ಚುವ ಹುಡುಗ, ಟಾರ್ಪಾಲ್ ಹೊಲಿಯುವವನು. ದೂರದ ಲಾರಿ ರಾತ್ರಿ ತಂಗುತ್ತದೆ, ಹತ್ತಿರದ ಲಾರಿ ಚಹಾ ಕುಡಿದು ಹೊರಡುತ್ತದೆ. ಹೆದ್ದಾರಿ ಬದಿಯ ಹಣದ ಹರಿವನ್ನು ನಿರ್ಧರಿಸುವುದು ಈ ವ್ಯತ್ಯಾಸವೇ.

ದಾವಣಗೆರೆ ಏನು ಕೇಳಬೇಕು

ಬೆಂಗಳೂರು–ಮುಂಬೈ ಕೈಗಾರಿಕಾ ಕಾರಿಡಾರ್‌ನ ಹೆಸರು ಬಂದಾಗಲೆಲ್ಲ ‘ನಮಗೂ ಒಂದು ಕಾರು ಕಾರ್ಖಾನೆ’ ಎಂಬ ಬೇಡಿಕೆ ಏಳುತ್ತದೆ. ಆಸೆ ತಪ್ಪಲ್ಲ, ಆದರೆ ಒಳಬಾಗಿಲಿನ ಲೆಕ್ಕ ನೋಡಿದವರಿಗೆ ಅದು ಎಷ್ಟು ದೂರದ ಮಾತು ಎಂದು ತಿಳಿಯುತ್ತದೆ. ಜೋಡಣೆ ಘಟಕ ಬರುವುದು ಬಿಡಿಭಾಗದವರು ಗಂಟೆಯ ದೂರದಲ್ಲಿ ಇರುವಲ್ಲಿಗೆ. ಹೆದ್ದಾರಿಯೂ ಹಳಿಯೂ ಇರುವುದಷ್ಟೇ ಸಾಲದು. ಕಿಯಾ ಕಂಪನಿ ಆಂಧ್ರದ ಪೆನುಕೊಂಡದ ಬಯಲಿಗೆ ಬಂದಾಗ ತನ್ನ ಬಿಡಿಭಾಗದವರನ್ನೂ ಜತೆಗೇ ಕರೆತಂದಿತು. ಅದರ ಕಾರುಗಳಿಗೆ ಪೆನುಕೊಂಡದಲ್ಲೇ ರೈಲು ಸಿಗುತ್ತದೆ. ವರ್ಷಕ್ಕೆ 3 ಲಕ್ಷದ ಸಾಮರ್ಥ್ಯ ಇರುವುದರಿಂದ ರೈಲಿಗೂ ಅದು ಲಾಭ.

ಇದಕ್ಕಿಂತ ಕೈಗೆಟುಕುವ ದಾರಿಗಳಿವೆ. ದಾವಣಗೆರೆಯಿಂದ ಧಾರವಾಡದ ವಾಣಿಜ್ಯ ವಾಹನ ಕಾರ್ಖಾನೆಗೆ ಲಾರಿಯಲ್ಲಿ ಮೂರು ಗಂಟೆಯ ದಾರಿ. ಸರದಿ ತಪ್ಪಬಾರದ ಸೀಟು, ಬಂಪರ್‌ಗೆ ಇದು ದೂರವೇ. ಎರಕ, ಲೇತ್ ಕೆಲಸದ ಗಟ್ಟಿ ಭಾಗಗಳಿಗೆ ದೂರವಲ್ಲ. ಮೈಸೂರು ಕಿರ್ಲೋಸ್ಕರ್ ಇದ್ದ ಕಾಲದಲ್ಲಿ ದೇಶಕ್ಕೆಲ್ಲ ಲೇತ್ ಕೊಟ್ಟ ಹರಿಹರಕ್ಕೆ ಕಬ್ಬಿಣ ಕಡೆಯುವ ಕೆಲಸವನ್ನು ಹೊರಗಿನವರು ಬಂದು ಪರಿಚಯಿಸಬೇಕಿಲ್ಲ.

ಇನ್ನೊಂದು ದಾರಿ ಕಾರು ಇಳಿಸುವ ಟರ್ಮಿನಲ್. ಚಿತ್ರದುರ್ಗ, ಶಿವಮೊಗ್ಗ, ಹಾವೇರಿ, ವಿಜಯನಗರ, ಬಳ್ಳಾರಿಯ ಶೋರೂಮ್‌ಗಳಿಗೆ ದಾವಣಗೆರೆ ನಡುವಿನ ಊರು. ಇಲ್ಲಿ ಇಳಿದರೆ ಬೆಂಗಳೂರಿಗೆ ಹೋಗಿ ಹಿಂದೆ ಬರುವ ಸುತ್ತು ತಪ್ಪುತ್ತದೆ, ಬೆಂಗಳೂರಿನ ಸುತ್ತಲಿನ ಕಿಕ್ಕಿರಿದ ಹಳಿಗೂ ಯಾರ್ಡ್‌ಗೂ ಒಂದಿಷ್ಟು ಉಸಿರು ಸಿಗುತ್ತದೆ. ಖಾಸಗಿಯವರು ಸರಕು ಟರ್ಮಿನಲ್ ಕಟ್ಟಲು 2021ರ ಗತಿಶಕ್ತಿ ಟರ್ಮಿನಲ್ ನೀತಿ ಅವಕಾಶ ಕೊಟ್ಟಿದೆ. ತೊಡಕು ಒಂದೇ: ಒಂದೇ ಕಂಪನಿಯ 300 ಕಾರು ಈ ಆರು ಜಿಲ್ಲೆಗಳಿಗೆ ಎಷ್ಟು ದಿನಕ್ಕೊಮ್ಮೆ ಬೇಕಾಗುತ್ತದೆ? ತಿಂಗಳಿಗೊಮ್ಮೆ ಎಂದಾದರೆ ಟರ್ಮಿನಲ್‌ನಲ್ಲಿ ದನ ಮೇಯುತ್ತವೆ. ಅರ್ಧ ರೇಕ್ ಇಲ್ಲಿ ಇಳಿಸಿ ಉಳಿದರ್ಧವನ್ನು ಬೆಂಗಳೂರಿಗೆ ಒಯ್ಯುವ ಏರ್ಪಾಡಾದರೆ, ಎರಡು ಮೂರು ಕಂಪನಿಗಳು ಒಂದೇ ಯಾರ್ಡ್ ಹಂಚಿಕೊಂಡರೆ ಲೆಕ್ಕ ಕೂಡಿಬಂದೀತು.

ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಮುಗಿದರೆ ಚಿತ್ರವೇ ಬದಲಾಗುತ್ತದೆ. 2011-12ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾದ ಸುಮಾರು 191 ಕಿಲೋಮೀಟರಿನ ಈ ಮಾರ್ಗ ಭೂಸ್ವಾಧೀನದ ಮುಳ್ಳಿನಲ್ಲಿ ಸಿಕ್ಕಿ ಒಂದು ದಶಕ ಕಳೆಯಿತು. ಅದು ಪೂರ್ತಿಯಾದ ದಿನ ರೈಲು ಹೆದ್ದಾರಿಯಷ್ಟೇ ನೇರವಾಗುತ್ತದೆ, ಚಿತ್ರದುರ್ಗ ಹಿತ್ತಲಿನಿಂದ ಪಡಸಾಲೆಗೆ ಬರುತ್ತದೆ, ಟರ್ಮಿನಲ್ ದಾವಣಗೆರೆಗೋ ದುರ್ಗಕ್ಕೋ ಎಂಬ ಹೊಸ ಜಗಳವೂ ಹುಟ್ಟುತ್ತದೆ. ದುರ್ಗದ ಪಕ್ಷಕ್ಕೆ ಎರಡು ಹೆದ್ದಾರಿಗಳ ಕೂಡುರಸ್ತೆ ಇದೆ, ದಾವಣಗೆರೆಯ ಪಕ್ಷಕ್ಕೆ ದೊಡ್ಡ ಮಾರುಕಟ್ಟೆ. ಹೊಸ ಹಳಿಯ ಮೇಲೆ ಮೊದಲ ಹಕ್ಕು ಬೆಂಗಳೂರಿಗೆ ಓಡಾಡುವ ಪ್ರಯಾಣಿಕರದೋ ಸರಕಿನದೋ ಎಂಬ ಪ್ರಶ್ನೆ ಅದಕ್ಕೂ ಮುಂಚೆ ಬಂದೀತು.

ಆ ದಿನಕ್ಕೆ ಕಾಯದೆ ಈಗಲೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಅನುದಾನವೂ ಬೇಕಿಲ್ಲ. ಆರು ಜಿಲ್ಲೆಗಳ ಡೀಲರ್‌ಗಳು ತಿಂಗಳಿಗೆ ಯಾವ ಕಂಪನಿಯ ಎಷ್ಟು ಕಾರು, ಎಲ್ಲಿಂದ ಬರುತ್ತವೆ ಎಂದು ಕೂಡಿ ಬರೆದ ಒಂದು ಪಟ್ಟಿ. ವಾಣಿಜ್ಯ ಚೇಂಬರ್‌ಗಳೂ ಸಂಸದರೂ ರೈಲ್ವೆಗೆ ಕೊಡುವ ಮನವಿಯ ಮೊದಲ ಪುಟದಲ್ಲಿ ಊರಿನ ಹಿರಿಮೆಯ ಬದಲು ಆ ಪಟ್ಟಿ ಇದ್ದರೆ, ಅಧಿಕಾರಿಗಳು ಎರಡನೆಯ ಪುಟ ತಿರುಗಿಸಿಯಾರು.